ಬೀರುವಿನಿಂದ ಹೊರಬಂದ ಲೈಕಾ ಎಂ3: ಕೊಳ್ಳಬಹುದಾ, ಮಲೆನಾಡಿನಲ್ಲಿ ಉಳಿಯುತ್ತಾ?

ಪ್ರಶ್ನೆ: ನಮಸ್ಕಾರ ಸರ್. ನಾನು ತೀರ್ಥಹಳ್ಳಿ ಹತ್ತಿರದ ಅಡಿಕೆ ಬೆಳೆಗಾರ. ಕೆಲವು ವರ್ಷಗಳಿಂದ ಡಿಜಿಟಲ್ ಕ್ಯಾಮೆರಾದಲ್ಲಿ ಫೋಟೋ ತೆಗೆಯುತ್ತಿದ್ದೇನೆ. ಕೊಪ್ಪದ ಕಡೆ ನಮ್ಮ ಸಂಬಂಧಿಕರ ಮನೆಯಲ್ಲಿ ಒಂದು ಲೈಕಾ ಎಂ3 ಇದೆ. ಜೊತೆಗೆ 50 ಎಂಎಂ ಎಫ್ 2 ಸಮ್ಮಿಕ್ರಾನ್, ಒಳಗೆ ತಳ್ಳಿ ಗಿಡ್ಡ ಮಾಡುವಂಥ ಲೆನ್ಸ್. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಚರ್ಮದ ಕೇಸಿನೊಳಗೆ, ಬೀರುವಿನಲ್ಲಿ ಇತ್ತಂತೆ. 1 ಲಕ್ಷದ 80 ಸಾವಿರ ಹೇಳುತ್ತಿದ್ದಾರೆ. ಸೀರಿಯಲ್ ನಂಬರು ಆರು ಅಂಕಿಯದು, 8ರಿಂದ ಶುರುವಾಗುತ್ತದೆ. ಲಿವರನ್ನು ಎರಡು ಸಲ ಎಳೆದರೆ ಮಾತ್ರ ಶಟರ್ ಬೀಳುತ್ತದೆ. ಒಂದು ಸೆಕೆಂಡಿಗೆ ಇಟ್ಟರೆ ಅರ್ಧಕ್ಕೇ ನಿಂತುಬಿಡುತ್ತದೆ. ಲೆನ್ಸಿನೊಳಗೆ ಬಿಳಿ ಪೊರೆಯಂತೆ ಏನೋ ಕಾಣುತ್ತದೆ. ಅದು ಬೂಷ್ಟು, ನಿನ್ನ ಉಳಿದ ಲೆನ್ಸುಗಳಿಗೂ ಹರಡುತ್ತದೆ ಎಂದು ಒಬ್ಬ ಸ್ನೇಹಿತರು ಹೆದರಿಸಿದ್ದಾರೆ. ಇನ್ನೊಬ್ಬರು ಇದು ರಷ್ಯಾದ ನಕಲಿ ಇರಬಹುದು, ಅಲ್ಲದೆ ಈಗ ಫಿಲ್ಮೇ ಸಿಗಲ್ಲ ಅನ್ನುತ್ತಾರೆ. ನಾನು ಕನ್ನಡಕ ಹಾಕುತ್ತೇನೆ. ಅಮ್ಮನ, ತೋಟದ, ಅಡಿಕೆ ಸುಲಿತದ, ಸಂತೆಯ ಫೋಟೋ ತೆಗೆಯುವ ಆಸೆ. ಮಂಡಗದ್ದೆಯ ಹಕ್ಕಿಗಳೂ ಬೇಕು. ನಮ್ಮ ಮಳೆಗೆ ಈ ಕ್ಯಾಮೆರಾ ತಡೆಯುತ್ತಾ? ಕೊಳ್ಳಲಾ, ಬಿಡಲಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಕೇಳುವ ಬೆಲೆಗೆ ಈ ಕ್ಯಾಮೆರಾ ತಕ್ಕದ್ದಾ ಅನ್ನುವುದು ಒಂದು. ಕೊಂಡ ಮೇಲೆ ನಮ್ಮ ಮಳೆಗಾಲದಲ್ಲಿ ಅದು ಹಾಳಾಗದೆ ಇರುತ್ತಾ ಅನ್ನುವುದು ಇನ್ನೊಂದು. ಕ್ಯಾಮೆರಾ ಒಳ್ಳೆಯದು, ಆದರೆ ಈಗಿರುವ ಸ್ಥಿತಿಯಲ್ಲಿ ಬೆಲೆ ಜಾಸ್ತಿ. ಮಳೆಗಾಲದ ವಿಷಯಕ್ಕೆ ಬಂದರೆ, ಖಂಡಿತ ಉಳಿಯುತ್ತದೆ. ಶಿವಮೊಗ್ಗದಲ್ಲಿ ಕೂತು ಇಷ್ಟು ಕಾಲ ಕ್ಯಾಮೆರಾ ಬಿಚ್ಚಿ ನೋಡಿದ ಅನುಭವದಿಂದ ಹೇಳುತ್ತೇನೆ: ಮಳೆಯಲ್ಲಿ ಓಡಾಡಿ ಕೆಟ್ಟ ಕ್ಯಾಮೆರಾಗಳು ಕಡಿಮೆ. ಬೀರುವಿನಲ್ಲಿ ಮುಚ್ಚಿಟ್ಟು ಕೆಟ್ಟವೇ ಜಾಸ್ತಿ.

ಮೊದಲು ನಕಲಿಯ ಮಾತು ಮುಗಿಸೋಣ. ರಷ್ಯಾದ ನಕಲಿಗಳು ಇರುವುದು ನಿಜ. ಅವು ಸೋವಿಯತ್ ಕಾಲದ ಫೆಡ್, ಝೋರ್ಕಿ ಕ್ಯಾಮೆರಾಗಳ ಮೇಲೆ ಲೈಕಾ ಹೆಸರು ಕೆತ್ತಿ ಮಾಡಿದವು. ಕೆಲವಕ್ಕೆ ಚಿನ್ನದ ಬಣ್ಣ, ಕೆಲವಕ್ಕೆ ಜರ್ಮನ್ ಸೈನ್ಯದ ಗುರುತು. ಫೆಡ್, ಝೋರ್ಕಿ ಎರಡೂ ಎರಡನೇ ಮಹಾಯುದ್ಧಕ್ಕೆ ಮುಂಚಿನ, ಲೆನ್ಸನ್ನು ತಿರುಪಿನಂತೆ ಹಾಕುವ ಲೈಕಾದ ನಕಲುಗಳು. ಎಂ3 ಬಂದದ್ದು 1954ರಲ್ಲಿ. ಅದರ ಲೆನ್ಸ್ ಸ್ವಲ್ಪ ತಿರುಗಿಸಿದರೆ ಕಚ್ಚಿಕೊಳ್ಳುವ ಬಯೊನೆಟ್ ಮೌಂಟಿನದು. ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್, ದೊಡ್ಡದು. ಫೋಕಸ್ ಹೊಂದಿಸಲು ನೆರವಾಗುವ ರೇಂಜ್‌ಫೈಂಡರ್ ಕಿಟಕಿ, ಫ್ರೇಮಿಗೆ ಬೆಳಕು ಕೊಡುವ ಕಿಟಕಿ ಎಲ್ಲ ಒಂದೇ ಸಾಲಿನಲ್ಲಿರುತ್ತವೆ. ಝೋರ್ಕಿಯನ್ನು ಎಷ್ಟು ತಿದ್ದಿದರೂ ಎಂ3 ಆಗುವುದಿಲ್ಲ. ಆದ್ದರಿಂದ ಆ ಭಯ ಬಿಡಿ. ಮುಂದೆ ಯಾರಾದರೂ ಹಳೆಯ ತಿರುಪಿನ ಲೈಕಾ ತೋರಿಸಿದರೆ ಲೆನ್ಸ್ ಬಿಚ್ಚಿ ಒಳಗೆ ಮೇಲ್ಭಾಗ ನೋಡಿ. ಲೆನ್ಸನ್ನು ಮುಟ್ಟುವ ತೋಳಿನ ತುದಿಯಲ್ಲಿ ದುಂಡನೆಯ ಪುಟ್ಟ ಚಕ್ರ ಇದ್ದರೆ ಲೈಕಾ. ಓರೆಯಾಗಿ ಉಜ್ಜಿದ ಲೋಹದ ನಾಲಿಗೆ ಇದ್ದರೆ ಬಹುತೇಕ ಫೆಡ್ ಅಥವಾ ಝೋರ್ಕಿ.

ಲಿವರ್ ಎರಡು ಸಲ ಎಳೆಯಬೇಕಾಗಿರುವುದು ದೋಷವಲ್ಲ. ಎಂ3ರ ನಂಬರುಗಳು ಏಳು ಲಕ್ಷದಿಂದ ಶುರುವಾಗುತ್ತವೆ. ನಿಮ್ಮದು ಎಂಟು ಲಕ್ಷದ್ದು, ಅಂದರೆ 1950ರ ದಶಕದ ಮಧ್ಯದ್ದು. 1958ರವರೆಗಿನ ಎಂ3ಗಳನ್ನು ಹಾಗೆಯೇ ಮಾಡಿದ್ದರು, ಒಂದು ಫ್ರೇಮಿಗೆ ಎರಡು ಎಳೆತ. ಆಮೇಲೆ ಒಂದೇ ಎಳೆತಕ್ಕೆ ಬದಲಾಯಿಸಿದರು. ಬಳಸುವವರು ಒಂದೆಳೆತದ್ದನ್ನೇ ಇಷ್ಟಪಡುವುದರಿಂದ ಎರಡೆಳೆತದ್ದು ಸಾಮಾನ್ಯವಾಗಿ ಸ್ವಲ್ಪ ಅಗ್ಗ. ಚೌಕಾಸಿ ಮಾಡುವಾಗ ಇದು ನಿಮಗೆ ಅನುಕೂಲ.

ಒಂದು ಸೆಕೆಂಡಿನಲ್ಲಿ ನಿಲ್ಲುವುದು ಮಾತ್ರ ದೋಷವೇ. ಇಷ್ಟು ವರ್ಷ ಕೂತ ಕ್ಯಾಮೆರಾದಲ್ಲಿ ಅದು ಬರದಿದ್ದರೇ ಆಶ್ಚರ್ಯ. ನಿಧಾನದ ವೇಗಗಳಿಗೆ ಎಂದೇ ಒಳಗೆ ಹಲ್ಲುಚಕ್ರಗಳ ಒಂದು ಪುಟ್ಟ ಸಾಲು ಇದೆ. ಅದರ ಗ್ರೀಸ್ ಒಣಗಿ ಅಂಟಾಗಿರುತ್ತದೆ. ಚೆನ್ನಾಗಿರುವ ಎಂ3ಯನ್ನು ಒಂದು ಸೆಕೆಂಡಿಗೆ ಇಟ್ಟು ಕಿವಿಯ ಹತ್ತಿರ ಹಿಡಿದರೆ ಝರ್ ಎಂಬ ಒಂದೇ ಸಮನಾದ ಸದ್ದು ಬಂದು ಕೊನೆಯಲ್ಲಿ ಶಟರ್ ಮುಚ್ಚುತ್ತದೆ. ನಡುವೆ ಸದ್ದು ಎಳೆದರೆ, ಉಸಿರು ಕಟ್ಟಿದಂತೆ ನಿಂತರೆ, ಸರ್ವೀಸ್ ಬೇಕು. ಪೂರ್ತಿ ಬಿಚ್ಚಿ ತೊಳೆದು, ಹೊಸ ಎಣ್ಣೆ ಗ್ರೀಸ್ ಹಾಕಿ, ವೇಗ ಸರಿಮಾಡುವ ಕೆಲಸ ಅದು. ದಯವಿಟ್ಟು ಯಾರ ಮಾತು ಕೇಳಿಯೂ ಹೊಲಿಗೆ ಮೆಷಿನ್ ಎಣ್ಣೆ ಬಿಡಬೇಡಿ. ಮೊದಲ ವಾರ ಓಡುತ್ತದೆ. ಆಮೇಲೆ ಆ ಎಣ್ಣೆ ಶಟರಿನ ಬಟ್ಟೆಗೆ, ಲೆನ್ಸಿನ ಕಡೆಗೆ ಹರಿಯುತ್ತದೆ. ಹಾಗೆ ಎಣ್ಣೆ ಕುಡಿದ ಕ್ಯಾಮೆರಾ ರಿಪೇರಿಗೆ ಬಂದರೆ ಕೆಲಸ ಎರಡು ಪಟ್ಟು.

ಶಟರಿನ ಬಟ್ಟೆ ಅಂದೆ. ಅದು ರಬ್ಬರ್ ಲೇಪಿಸಿದ ಬಟ್ಟೆಯ ಪರದೆ. ಲೆನ್ಸ್ ತೆಗೆದು, ತಳದ ಪ್ಲೇಟ್ ಬಿಚ್ಚಿ, ಬೆನ್ನಿನ ಬಾಗಿಲು ಎತ್ತಿ. ಕತ್ತಲೆ ಕೋಣೆಯಲ್ಲಿ ಮುಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ಹಿಂದಿನಿಂದ ನೋಡಿ. ಲಿವರ್ ಎಳೆದು ಒಮ್ಮೆ, ಎಳೆಯದೆ ಒಮ್ಮೆ. ಸೂಜಿಮೊನೆಯಷ್ಟು ಬೆಳಕು ಕಂಡರೂ ಪರದೆ ತೂತಾಗಿದೆ. ಇದಕ್ಕೆ ಅನೇಕ ಸಲ ಬಿಸಿಲೇ ಕಾರಣ ಆಗಿರುತ್ತದೆ. ಎಸ್‌ಎಲ್‌ಆರ್‌ನಲ್ಲಿ (ಲೆನ್ಸಿನ ಮೂಲಕವೇ ನೋಡುವ ಕ್ಯಾಮೆರಾ) ಲೆನ್ಸಿನ ಹಿಂದೆ ಕನ್ನಡಿ ಇರುತ್ತದೆ, ಎಂ3 ಥರದ ರೇಂಜ್‌ಫೈಂಡರಿನಲ್ಲಿ ಇಲ್ಲ. ಲೆನ್ಸ್ ಪೂರ್ತಿ ತೆರೆದು ಸೂರ್ಯನ ಕಡೆ ಮುಖ ಮಾಡಿಟ್ಟರೆ ಬಿಸಿಲು ನೇರ ಪರದೆಯ ಮೇಲೆ ಚುಕ್ಕೆಯಾಗಿ ಕೂರುತ್ತದೆ. ಆಗುಂಬೆಯಲ್ಲಿ ಸೂರ್ಯಾಸ್ತಕ್ಕೆ ಕಾಯುವಾಗ ಲೆನ್ಸಿಗೆ ಮುಚ್ಚಳ ಹಾಕಿಟ್ಟುಕೊಳ್ಳಿ, ಇಲ್ಲವೇ ಲೆನ್ಸಿನ ಬೆಳಕಿನ ಕಿಂಡಿಯನ್ನು ಅತಿ ಸಣ್ಣದಾದ ಎಫ್ 16ಕ್ಕೆ ತಿರುಗಿಸಿಡಿ. ಮುಚ್ಚಳ ತೆಗೆಯುವುದನ್ನು ಮಾತ್ರ ಮರೆಯಬೇಡಿ. ಈ ಕ್ಯಾಮೆರಾದಲ್ಲಿ ನೀವು ಲೆನ್ಸಿನ ಮೂಲಕ ನೋಡುತ್ತಿಲ್ಲ. ಮುಚ್ಚಳ ಹಾಕಿದ್ದರೂ ದೃಶ್ಯ ಚೆನ್ನಾಗಿಯೇ ಕಾಣುತ್ತದೆ, ರೋಲ್ ಮಾತ್ರ ಖಾಲಿ.

ಈಗ ವ್ಯೂಫೈಂಡರ್. ಎಂ3ಯಲ್ಲಿ ನನಗೆ ಅತಿ ಮುಖ್ಯ ಅನಿಸುವ ಭಾಗ ಇದು, ಕೊಳ್ಳುವವರು ಅತಿ ಕಡಿಮೆ ನೋಡುವ ಭಾಗವೂ ಇದೇ. ನಡುವೆ ಒಂದು ಬೆಳಕಿನ ಚೌಕ ಇರುತ್ತದೆ. ಅದರಲ್ಲಿ ಒಂದೇ ವಸ್ತುವಿನ ಎರಡು ಚಿತ್ರ ಕಾಣುತ್ತವೆ. ಲೆನ್ಸ್ ತಿರುಗಿಸಿದಾಗ ಒಂದರ ಮೇಲೊಂದು ಕೂತರೆ ಫೋಕಸ್ ಆಯಿತು ಎಂದರ್ಥ. ಚೌಕ ಮಂಕಾಗಿದ್ದರೆ ಅದು ಕೊಳೆ, ಹೋಗುತ್ತದೆ. ಆದರೆ ಚೌಕವೇ ಇಲ್ಲದಿದ್ದರೆ, ಅಥವಾ ಫೈಂಡರಿನ ಒಂದು ಭಾಗ ಕಪ್ಪಾಗಿದ್ದರೆ, ಬೆಲೆ ಎಷ್ಟೇ ಇಳಿಸಿದರೂ ಬಿಟ್ಟು ಬನ್ನಿ. ಒಳಗಿನ ಪ್ರಿಸಂ ಎರಡು ಗಾಜುಗಳನ್ನು ಅಂಟಿಸಿ ಮಾಡಿದ್ದು. ಹಳೆಯ ಅಂಟು ಒಣಗಿರುತ್ತದೆ, ಒಂದು ಜೋರು ಪೆಟ್ಟಿಗೆ ಬಿಡುತ್ತದೆ. ಅದರ ರಿಪೇರಿ ದುಬಾರಿ, ಬದಲಿ ಪ್ರಿಸಂ ಸಿಗುವುದೂ ಕಷ್ಟ. ಇದೇ ಕಾರಣಕ್ಕೆ ಆ ಕ್ಯಾಮೆರಾವನ್ನು ಕೊರಿಯರ್ ಮಾಡಿಸಬೇಡಿ. ಕೊಪ್ಪ ದೂರವೇನಲ್ಲ. ನೀವೇ ಹೋಗಿ, ಬಟ್ಟೆ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ತನ್ನಿ.

ಎರಡು ಚಿತ್ರಗಳು ಸರಿಯಾಗಿ ಕೂರುತ್ತವಾ ಅಂತ ನೋಡಲು ಹುಣ್ಣಿಮೆಯ ಆಸುಪಾಸಿನ ಚಂದ್ರ ಸಾಕು. ಲೆನ್ಸನ್ನು ಕೊನೆಯವರೆಗೆ, ಅನಂತದ ಗುರುತಿಗೆ ತಿರುಗಿಸಿ. ಎರಡು ಚಂದ್ರ ಒಂದಾಗಬೇಕು. ಪಕ್ಕಕ್ಕೆ ಸರಿದಿದ್ದರೆ ಫೋಕಸ್ ತಪ್ಪುತ್ತದೆ. ಮೇಲೆ ಕೆಳಗೆ ಸರಿದಿದ್ದರೆ ಫೋಕಸ್ಸಿಗೆ ತೊಂದರೆ ಇಲ್ಲ, ಕಣ್ಣಿಗೆ ಕಿರಿಕಿರಿ. ಎರಡನ್ನೂ ಸರ್ವೀಸಿನಲ್ಲಿ ಸರಿಮಾಡಬಹುದು.

ಕನ್ನಡಕದ ಬಗ್ಗೆ ಕೇಳಿದ್ದೀರಿ. ಎಂ3ಯ ಫೈಂಡರ್ 0.91 ಪಟ್ಟು, ಅಂದರೆ ಹೆಚ್ಚು ಕಡಿಮೆ ಬರಿಗಣ್ಣಿಗೆ ಕಂಡಷ್ಟೇ ದೊಡ್ಡದು. ಎರಡೂ ಕಣ್ಣು ತೆರೆದೇ ನೋಡಬಹುದು. ಫೋಟೋದ ಅಂಚು ತೋರಿಸುವ 50 ಎಂಎಂ ಫ್ರೇಮಿನ ಮೂಲೆಗಳು ಕನ್ನಡಕದವರಿಗೆ ಸ್ವಲ್ಪ ಇಕ್ಕಟ್ಟಾಗುತ್ತವೆ, ಆದರೆ ಅಭ್ಯಾಸವಾಗುತ್ತದೆ. ಕಣ್ಣಿಡುವ ಜಾಗದ ಉಂಗುರ ಮಾತ್ರ ಬರಿ ಲೋಹ, ಕನ್ನಡಕದ ಗಾಜಿಗೆ ಗೀರು ಬೀಳುತ್ತದೆ. ಅದರ ಮೇಲೆ ತೆಳ್ಳನೆಯ ರಬ್ಬರ್ ರಿಂಗ್ ಅಂಟಿಸಿಕೊಳ್ಳಿ. 35 ಎಂಎಂ ಲೆನ್ಸಿನ ಫ್ರೇಮ್ ಎಂ3ಯಲ್ಲಿ ಇಲ್ಲವೇ ಇಲ್ಲ. 50, 90, 135 ಅಷ್ಟೇ. ಸಂತೆಯ ಕಿರಿದಾದ ಸಾಲುಗಳಲ್ಲಿ ಹೆಚ್ಚು ಅಗಲ ಹಿಡಿಯುವ 35 ಬೇಕೇಬೇಕು ಅನ್ನುವವರಾದರೆ ಲೈಕಾದ್ದೇ ಎಂ2 ನಿಮಗೆ ಹೊಂದುತ್ತದೆ, ಎಂ3 ಅಲ್ಲ.

ಇನ್ನು ಲೆನ್ಸಿನ ಬಿಳಿ ಪೊರೆ. ನೀವು ಬರೆದಿರುವುದನ್ನು ನೋಡಿದರೆ ಬೂಷ್ಟು ಆಗಿರಲಿಕ್ಕಿಲ್ಲ. ಈ ಮಡಚುವ ಸಮ್ಮಿಕ್ರಾನಿನಲ್ಲಿ ಒಳಗಿನ ಗ್ರೀಸಿನ ಆವಿ ವರ್ಷಗಟ್ಟಲೆ ಗಾಜಿನ ಮೇಲೆ ಕೂತು ಮಬ್ಬು ಕಟ್ಟುವುದು ತೀರಾ ಸಾಮಾನ್ಯ. ಪರೀಕ್ಷೆ ಮಾಡುವ ಬಗೆ ಹೀಗೆ. ಲೆನ್ಸ್ ಕ್ಯಾಮೆರಾದಿಂದ ತೆಗೆಯಿರಿ. ಎಫ್ 2ಕ್ಕೆ ಇಡಿ. ಹಿಂದಿನಿಂದ ಟಾರ್ಚ್ ಹಿಡಿದು, ಮುಂದಿನಿಂದ ನೇರವಾಗಿ ಅಲ್ಲ, ಸ್ವಲ್ಪ ಓರೆಯಾಗಿ ನೋಡಿ. ಕನ್ನಡಿಗೆ ಉಸಿರು ಬಿಟ್ಟಂತೆ ಒಂದೇ ಸಮನಾದ ಮಬ್ಬು ಕಂಡರೆ ಅದು ಗ್ರೀಸಿನ ಪೊರೆ. ಅಂಚಿನಿಂದ ಒಳಕ್ಕೆ ಎಳೆ ಎಳೆಯಾಗಿ, ಕವಲು ಒಡೆದು ಹಬ್ಬಿದ್ದರೆ ಬೂಷ್ಟು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಉಂಗುರಗಳು ಕಂಡರೆ ಗಾಜುಗಳ ನಡುವಿನ ಅಂಟು ಬಿಟ್ಟಿದೆ. ಪೊರೆ ಬೇಗ ತೆಗೆಸಿದರೆ ಪೂರ್ತಿ ಹೋಗುತ್ತದೆ. ಬಹಳ ಹಳೆಯದಾದರೆ ಗಾಜಿನ ಮೇಲ್ಮೈಯನ್ನೇ ತಿಂದಿರುತ್ತದೆ. ಬೂಷ್ಟೂ ಹಾಗೆಯೇ. ಅದು ಬಿಡುವ ಆಮ್ಲ ಲೇಪನವನ್ನೂ ಗಾಜನ್ನೂ ಕೊರೆಯುತ್ತದೆ. ಬೂಷ್ಟನ್ನು ಒರೆಸಬಹುದು, ಕೊರೆದ ಗುರುತನ್ನು ಒರೆಸಲಾಗದು. ಅಂಟು ಬಿಟ್ಟಿದ್ದರೆ ಆ ಲೆನ್ಸಿಗೆ ಬೆಲೆ ಕಟ್ಟಬೇಡಿ.

ಮುಂದಿನ ಗಾಜನ್ನೂ ನೋಡಿ. ಆ ಕಾಲದ ಸಮ್ಮಿಕ್ರಾನಿನ ಮುಂದಿನ ಗಾಜು ಮೆತ್ತಗೆ. ಅಂಗಿಯ ತುದಿಯಲ್ಲಿ, ಪಂಚೆಯ ಅಂಚಿನಲ್ಲಿ ಒರೆಸಿ ಒರೆಸಿ ಸಣ್ಣ ಗೀರುಗಳ ಜಾಲವೇ ಆಗಿರುತ್ತದೆ. ನಾಲ್ಕಾರು ಗೀರುಗಳಿಂದ ಏನೂ ಆಗುವುದಿಲ್ಲ. ಜಾಲ ಆಗಿದ್ದರೆ ಎದುರು ಬೆಳಕಿನಲ್ಲಿ ಫೋಟೋ ತೊಳೆದುಹೋದಂತೆ ಬರುತ್ತದೆ. ಕೆಲವರಿಗೆ ಆ ಮೃದುತನವೇ ಇಷ್ಟ. ಆದರೆ ಇಷ್ಟಪಡುವುದು ಬೇರೆ, ಅದಕ್ಕೆ ಪೂರ್ತಿ ಬೆಲೆ ಕೊಡುವುದು ಬೇರೆ.

ಬೂಷ್ಟು ಒಂದು ಲೆನ್ಸಿನಿಂದ ಇನ್ನೊಂದಕ್ಕೆ ಹರಡುತ್ತದೆ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಭಯದಿಂದ ಒಳ್ಳೆಯ ಲೆನ್ಸುಗಳನ್ನು ಬಿಸಾಡಿದವರನ್ನು ನೋಡಿದ್ದೇನೆ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲ ಕಡೆ ಇವೆ. ನಿಮ್ಮ ಹೊಸ ಡಿಜಿಟಲ್ ಲೆನ್ಸಿನೊಳಗೂ ಈಗಾಗಲೇ ಇವೆ. ಅವು ಮೊಳೆಯಲು ಬೇಕಾದದ್ದು ತೇವ. ಗಾಳಿಯ ತೇವಾಂಶ ಶೇ 65-70 ದಾಟಿ ದಿನಗಟ್ಟಲೆ ಹಾಗೇ ನಿಂತರೆ, ಕತ್ತಲೆ ಇದ್ದರೆ, ಗಾಳಿ ಆಡದಿದ್ದರೆ, ಧೂಳು ಮತ್ತು ಗ್ರೀಸಿನ ಅಂಶವನ್ನೇ ತಿಂದು ಬೆಳೆಯುತ್ತವೆ. ಒಣ ಜಾಗದಲ್ಲಿ ಬೂಷ್ಟು ಹಿಡಿದ ಲೆನ್ಸಿನ ಪಕ್ಕದಲ್ಲೇ ಹೊಸ ಲೆನ್ಸ್ ಇಟ್ಟರೂ ಅಪಾಯವಿಲ್ಲ. ತೇವದ ಬೀರುವಿನಲ್ಲಿ ಒಂಟಿಯಾಗಿ ಇಟ್ಟ ಹೊಸ ಲೆನ್ಸಿಗೂ ಬೂಷ್ಟು ಬರುತ್ತದೆ. ಆದರೂ ಬೆಳೆಯುತ್ತಿರುವ ಬೂಷ್ಟು ಇರುವ ಲೆನ್ಸನ್ನು ತೊಳೆಸುವವರೆಗೆ ಬೇರೆ ಡಬ್ಬದಲ್ಲಿಡಿ. ಅದು ಹರಡುತ್ತದೆ ಅಂತಲ್ಲ, ಅದರ ಕೇಸು, ಪಟ್ಟಿಗಳೂ ತೇವ ಹಿಡಿದುಕೊಂಡೇ ಬಂದಿರುತ್ತವೆ ಅಂತ.

ಆ ಚರ್ಮದ ಕೇಸಿನ ವಿಷಯ ಹೇಳಲೇಬೇಕು. ನೋಡಲು ಚೆಂದ, ಸರಿ. ಪುನರ್ವಸು, ಪುಷ್ಯ ಮಳೆ ಹೊಡೆಯುವ ದಿನಗಳಲ್ಲಿ ಚಪ್ಪಲಿ, ಬೆಲ್ಟುಗಳ ಮೇಲೆ ಹಸಿರು ಹಿಡಿಯುವುದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಅದೇ ಚರ್ಮದೊಳಗೆ ಕ್ಯಾಮೆರಾ ಇಟ್ಟರೆ ಇನ್ನೇನಾಗುತ್ತದೆ? ಕೇಸು ಬೇಕಿದ್ದರೆ ಇಟ್ಟುಕೊಳ್ಳಿ, ಕ್ಯಾಮೆರಾವನ್ನು ಮಾತ್ರ ಅದರಲ್ಲಿ ಇಡಬೇಡಿ.

ಹಾಗಾದರೆ ಎಲ್ಲಿಡುವುದು? ನಮ್ಮಲ್ಲಿ ಮೂರು ನಾಟಿ ಉಪಾಯಗಳು ಓಡಾಡುತ್ತವೆ. ಅಕ್ಕಿಯ ಡಬ್ಬದಲ್ಲಿ ಇಡುವುದು ಒಂದು. ಬೇಡ. ಮಳೆಗಾಲದಲ್ಲಿ ಮನೆಯ ಅಕ್ಕಿಯೇ ಗಾಳಿಯ ತೇವ ಹೀರಿಕೊಂಡಿರುತ್ತದೆ. ಅದು ಒಣಗಿಸುವುದು ತೀರಾ ಕಡಿಮೆ, ಅದರ ಹುಡಿ ಲೆನ್ಸಿನ ಸಂದುಗಳಿಗೆ ಹೋಗುವುದು ಖಚಿತ. ಒಲೆಯ ಮೇಲಿನ ಅಟ್ಟ ಇನ್ನೊಂದು. ಅಲ್ಲಿ ಒಣಹವೆ ಇರುವುದು ನಿಜ. ಆದರೆ ಹೊಗೆಯ ಜಿಡ್ಡು ಗಾಜಿನ ಮೇಲೆ ಕೂರುತ್ತದೆ, ಬಿಸಿಗೆ ಗ್ರೀಸ್ ಕರಗಿ ಹರಿಯುತ್ತದೆ. ಮೂರನೆಯದು ಬೀರುವಿನೊಳಗೆ ಬಲ್ಬ್ ಉರಿಸುವುದು. ಹಳೆಯ ಕಾಲದ 15 ವ್ಯಾಟಿನ ತಂತಿ ಬಲ್ಬ್ ನಿಜವಾಗಿಯೂ ಕೆಲಸ ಮಾಡುತ್ತಿತ್ತು. ಗಾಳಿ ಬೆಚ್ಚಗಾದರೆ ಅದರ ಸಾಪೇಕ್ಷ ತೇವಾಂಶ ಇಳಿಯುತ್ತದೆ. ಈಗ ಅದೇ ಹೋಲ್ಡರಿಗೆ ಎಲ್‌ಇಡಿ ಹಾಕಿ ನೆಮ್ಮದಿಯಾಗಿ ಇರುವವರು ಇದ್ದಾರೆ. ಎಲ್‌ಇಡಿಯಿಂದ ಬೆಳಕು ಬರುತ್ತದೆ, ಬೇಕಾದಷ್ಟು ಬಿಸಿ ಬರುವುದಿಲ್ಲ.

ನಾನು ಎಲ್ಲರಿಗೂ ಹೇಳುವುದು ಅಡುಗೆಮನೆಯ ದೊಡ್ಡ ಏರ್‌ಟೈಟ್ ಡಬ್ಬ. ರಬ್ಬರ್ ಅಂಚಿನ, ನಾಲ್ಕೂ ಕಡೆ ಕ್ಲಿಪ್ ಇರುವಂಥದ್ದು. ಒಳಗೆ 200 ಗ್ರಾಂ ಆಸುಪಾಸು ಸಿಲಿಕಾ ಜೆಲ್ಲನ್ನು ತೆಳು ಬಟ್ಟೆಯಲ್ಲಿ ಕಟ್ಟಿಡಿ, ಜೊತೆಗೆ ಕೆಲವು ನೂರು ರೂಪಾಯಿಗೆ ಸಿಗುವ ತೇವಾಂಶದ ಪುಟ್ಟ ಮೀಟರ್. ಮುಳ್ಳು 40ರಿಂದ 50ರ ನಡುವೆ ಇರಲಿ. 35ಕ್ಕಿಂತ ಕೆಳಗೆ ಇಳಿಸುವುದೂ ಬೇಡ, ಹಳೆಯ ಚರ್ಮ, ಅಂಟು, ಗ್ರೀಸ್‌ಗೆ ಅದು ಒಳ್ಳೆಯದಲ್ಲ. ಕಿತ್ತಳೆ ಬಣ್ಣದ ಜೆಲ್ ತೇವ ಹೀರಿದಾಗ ಹಸಿರಾಗುತ್ತದೆ. ಆಗ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿ, ಪೂರ್ತಿ ಆರಿದ ಮೇಲೆ ಮತ್ತೆ ಕಟ್ಟಿಡಿ. ನೀಲಿ ಜೆಲ್ಲಿನಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಕಿತ್ತಳೆಯದೇ ವಾಸಿ. ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಇನ್ನೂ ಅನುಕೂಲ. ಆದರೆ ಜುಲೈಯಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿದ್ದರೆ? ಅದರೊಳಗೂ ಒಂದು ಜೆಲ್ಲಿನ ಗಂಟು ಇಟ್ಟಿರಿ.

ಇದೆಲ್ಲಕ್ಕಿಂತ ದೊಡ್ಡ ಔಷಧಿ ಬಳಕೆ. ವಾರಕ್ಕೊಮ್ಮೆ ಕ್ಯಾಮೆರಾ ಹೊರತೆಗೆದು, ಎಲ್ಲ ವೇಗಗಳಲ್ಲೂ ಶಟರ್ ಬಿಟ್ಟು, ಜಗಲಿಯ ಬೆಳಕಿನಲ್ಲಿ ಸ್ವಲ್ಪ ಹೊತ್ತು ಇಡುವ ಮನೆಗಳ ಕ್ಯಾಮೆರಾದಲ್ಲಿ ನಾನು ಬೂಷ್ಟು ಕಂಡದ್ದು ಬಹಳ ಅಪರೂಪ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಅಲ್ಲಿಯೂ ದಿನಾ ಓಡಾಡುವ ಕ್ಯಾಮೆರಾ ಚೆನ್ನಾಗಿಯೇ ಇರುತ್ತದೆ. ಎಂ3ಗೆ ನೀರು ತಡೆಯುವ ಸೀಲ್ ಯಾವುದೂ ಇಲ್ಲ ಅನ್ನುವುದು ನೆನಪಿರಲಿ. ಜಿಟಿಜಿಟಿ ಮಳೆಗೆ ಕೊಡೆ ಸಾಕು, ಜೋರು ಮಳೆಗೆ ಚೀಲದೊಳಗೆ ಹೋಗಬೇಕು. ಮನೆಗೆ ಬಂದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಒದ್ದೆ ಪಟ್ಟಿ ಬಿಚ್ಚಿ, ಆಮೇಲೆ ಡಬ್ಬಕ್ಕೆ. ಎಸಿ ಕಾರಿನಿಂದ ಜೋಗದಲ್ಲಿ ಇಳಿದ ಕೂಡಲೇ ಕ್ಯಾಮೆರಾ ತೆಗೆಯಬೇಡಿ. ತಣ್ಣಗಿನ ಗಾಜಿನ ಮೇಲೆ ತೇವದ ಗಾಳಿ ನೀರಾಗಿ ಕೂರುತ್ತದೆ, ಒಳಗೂ ಹೊರಗೂ. ಚೀಲ ಮುಚ್ಚಿಯೇ ಅರ್ಧ ಗಂಟೆ ಬಿಡಿ.

ನೀವು ತೆಗೆಯಬೇಕೆಂದಿರುವ ಫೋಟೋಗಳ ಕಡೆ ಬರೋಣ. ಅಮ್ಮ, ಸುಲಿತ, ಸಂತೆ, ಇವಕ್ಕೆ ರೇಂಜ್‌ಫೈಂಡರಿಗಿಂತ ಒಳ್ಳೆಯ ಫಿಲ್ಮ್ ಕ್ಯಾಮೆರಾ ನನಗೆ ಗೊತ್ತಿಲ್ಲ. ಕನ್ನಡಿ ಎದ್ದು ಬೀಳುವ ಸದ್ದಿಲ್ಲ, ಅದುರುವಿಕೆ ಇಲ್ಲ. 1/30 ಸೆಕೆಂಡು, ಕೈ ಗಟ್ಟಿ ಇದ್ದರೆ 1/15ರಲ್ಲೂ ಕೈಯಲ್ಲೇ ಹಿಡಿದು ತೆಗೆಯಬಹುದು. ಫ್ರೇಮಿನ ಹೊರಗೆ ಏನಿದೆ ಅಂತಲೂ ಕಾಣುವುದರಿಂದ ಸುಲಿಯುವವರ ಸಾಲಿಗೆ ಇನ್ನೊಬ್ಬರು ಬುಟ್ಟಿ ಹೊತ್ತು ಬರುವುದು ಮೊದಲೇ ಗೊತ್ತಾಗುತ್ತದೆ. ಮಂಡಗದ್ದೆಯ ಹಕ್ಕಿಗಳಿಗೆ ಮಾತ್ರ ಇದು ಆಗದು. 135 ಎಂಎಂ ದಾಟಿದರೆ ರೇಂಜ್‌ಫೈಂಡರಿನಲ್ಲಿ ಫೋಕಸ್ ಮಾಡುವಂತಿಲ್ಲ. ತೋಟದ ಅಣಬೆ, ಹೂವು, ಹುಳಕ್ಕೂ ಆಗದು, ಈ ಲೆನ್ಸ್ ಒಂದು ಮೀಟರಿಗಿಂತ ಹತ್ತಿರ ಬರುವುದಿಲ್ಲ. ಅವಕ್ಕೆ ನಿಮ್ಮ ಡಿಜಿಟಲ್ ಕ್ಯಾಮೆರಾ ಇರಲಿ, ಮಾರಬೇಡಿ.

ಎಂ3ಯಲ್ಲಿ ಬೆಳಕಿನ ಮೀಟರ್ ಇಲ್ಲ. ಮೊಬೈಲಿನ ಮೀಟರ್ ಆಪ್ ಸಾಕು. ಆದರೂ ಐಎಸ್‌ಒ 400ರ (ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ಫಿಲ್ಮಿಗೆ ನಮ್ಮ ಕಡೆಯ ಬೆಳಕನ್ನು ಬಾಯಿಪಾಠ ಮಾಡಿಕೊಳ್ಳಿ. ಬೇಸಿಗೆಯ ಅಂಗಳದ ಬಿಸಿಲಿಗೆ ಎಫ್ 16, 1/500. ಮೋಡ ಕವಿದ ಗದ್ದೆ ಬಯಲಿಗೆ ಎಫ್ 8, 1/250. ಮಳೆಗಾಲದ ಅಡಿಕೆ ತೋಟದೊಳಗೆ ಎಫ್ 4, 1/60, ಮಧ್ಯಾಹ್ನ ಮೂರರ ಮೇಲೆ ಎಫ್ 2.8. ಅಡುಗೆಮನೆಯ ಕಿಟಕಿಯ ಪಕ್ಕ ಎಫ್ 2, 1/30. ರಾತ್ರಿ ಸುಲಿತದ ದೀಪದಲ್ಲಿ ಇಲ್‌ಫೋರ್ಡ್ ಎಚ್‌ಪಿ5 ಅಥವಾ ಕೊಡಾಕ್ ಟ್ರೈ-ಎಕ್ಸ್ ಫಿಲ್ಮನ್ನು 1600 ಎಂದು ಲೆಕ್ಕ ಹಾಕಿ ತೆಗೆದು, ಹಾಗೆಂದು ಲ್ಯಾಬಿಗೆ ಬರೆದು ಕಳಿಸಿದರೆ ಕಪ್ಪುಬಿಳುಪಿನಲ್ಲಿ ಸೊಗಸಾಗಿ ಬರುತ್ತದೆ. ಮತ್ತೊಂದು ವಿಷಯ: ಈ ಲೆನ್ಸನ್ನು ಹೊರಗೆಳೆದು ತಿರುಗಿಸಿ ಲಾಕ್ ಮಾಡಬೇಕು. ಮಡಚಿಟ್ಟಂತೆಯೇ ತೆಗೆದರೂ ಫೈಂಡರಿನಲ್ಲಿ ಏನೂ ಗೊತ್ತಾಗುವುದಿಲ್ಲ, ಇಡೀ ರೋಲ್ ಮಸುಕಾಗುತ್ತದೆ.

ಫಿಲ್ಮ್ ಸಿಗುವುದಿಲ್ಲ ಅನ್ನುವುದು ಸುಳ್ಳು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮುಚ್ಚಿದೆ, ನಮ್ಮ ಇಂದು ಫಿಲ್ಮ್ ಈಗಿಲ್ಲ. ಆದರೆ ಕೊಡಾಕ್, ಇಲ್‌ಫೋರ್ಡ್ ಇನ್ನೂ ತಯಾರಾಗುತ್ತಿವೆ. ಲೈಕಾ ತನ್ನ ಎಂ6 ಫಿಲ್ಮ್ ಕ್ಯಾಮೆರಾವನ್ನು 2022ರಲ್ಲಿ ಮತ್ತೆ ಮಾಡಲು ಶುರುಮಾಡಿತು. ಪೆಂಟಾಕ್ಸ್ 2024ರಲ್ಲಿ ಹೊಸ ಫಿಲ್ಮ್ ಕ್ಯಾಮೆರಾವನ್ನೇ ತಂದಿತು. ತೊಂದರೆ ಇರುವುದು ಖರ್ಚಿನಲ್ಲಿ. ಒಂದು ಕಲರ್ ರೋಲ್, ತೊಳೆಸುವುದು, ಸ್ಕ್ಯಾನ್, ಬೆಂಗಳೂರಿನ ಲ್ಯಾಬಿಗೆ ಕೊರಿಯರ್, ಎಲ್ಲ ಸೇರಿ 36 ಫೋಟೋಕ್ಕೆ ಸಾವಿರದೈನೂರು ರೂಪಾಯಿಯ ಆಸುಪಾಸು ಆಗುತ್ತದೆ. ತಿಂಗಳಿಗೆ ಎರಡು ರೋಲ್ ಎಂದರೆ ವರ್ಷಕ್ಕೆ ಎಷ್ಟು ಅಂತ ಕೊಳ್ಳುವ ಮೊದಲೇ ಲೆಕ್ಕ ಹಾಕಿ. ಕಪ್ಪುಬಿಳುಪನ್ನು ಮನೆಯಲ್ಲೇ ತೊಳೆಯಬಹುದು. ಎಚ್‌ಪಿ5 ಫಿಲ್ಮನ್ನು 400ರಲ್ಲೇ ತೆಗೆದಿದ್ದರೆ ಐಡಿ-11 ಡೆವಲಪರ್ (ಫಿಲ್ಮ್ ತೊಳೆಯುವ ದ್ರಾವಣ) ಒಂದಕ್ಕೊಂದು ನೀರು ಬೆರೆಸಿ, 20 ಡಿಗ್ರಿಯಲ್ಲಿ 13 ನಿಮಿಷ. ಮಲೆನಾಡಿನ ಮಳೆಗಾಲದಲ್ಲಿ 20 ಡಿಗ್ರಿ ನೀರು ಸಿಗುವುದು ಬಯಲುಸೀಮೆಯವರಿಗಿಂತ ಸುಲಭ. ಕಷ್ಟ ಇರುವುದು ನೆಗೆಟಿವ್ ಒಣಗಿಸುವುದರಲ್ಲಿ. ಹೊಗೆ ಬರುವ ಬಚ್ಚಲುಮನೆಯಲ್ಲಿ ನೇತುಹಾಕಬೇಡಿ. ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಬಿಡಿ. ಅರೆಬರೆ ಒಣಗಿದ್ದನ್ನು ಪ್ಲಾಸ್ಟಿಕ್ ಹಾಳೆಗೆ ಹಾಕಿದರೆ ಆಗಸ್ಟ್ ಹೊತ್ತಿಗೆ ಅಂಟಿಕೊಂಡಿರುತ್ತದೆ. ನೆಗೆಟಿವುಗಳೂ ಕ್ಯಾಮೆರಾದ ಡಬ್ಬದಲ್ಲೇ ಇರಲಿ.

ಈಗ ನಿಮ್ಮ ಮುಂದಿರುವ ದಾರಿಗಳು. ಕೇಳಿದ ಬೆಲೆ ಕೊಟ್ಟು ತಂದು ಆಮೇಲೆ ಸರ್ವೀಸ್ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಸರ್ವೀಸ್ ಆಗಿ, ಗ್ಯಾರಂಟಿ ಸಮೇತ ಸಿಗುವ ಎಂ3ಗೆ ಕೊಡುವ ಹಣವನ್ನು ಬೀರುವಿನಿಂದ ಈಗ ತಾನೇ ಎದ್ದು ಬಂದ ಎಂ3ಗೆ ಕೊಡಬಾರದು. ಕ್ಯಾಮೆರಾವನ್ನು ರಿಪೇರಿಯವರಿಗೆ ತೋರಿಸಿ, ಬಾಡಿಗೂ ಲೆನ್ಸಿಗೂ ಬೇರೆ ಬೇರೆ ಖರ್ಚಿನ ಅಂದಾಜು ಬರೆಸಿಕೊಂಡು, ಅದನ್ನು ಬೆಲೆಯಲ್ಲಿ ಕಳೆದು ಕೊಡುವುದು ನ್ಯಾಯ. ಸಂಬಂಧಿಕರ ಹತ್ತಿರ ಇದನ್ನು ಹೇಳುವುದು ಮುಜುಗರ, ಗೊತ್ತು. ಸ್ವಲ್ಪ ಮುಂಗಡ ಕೊಟ್ಟು, 'ಒಂದು ರೋಲ್ ಹಾಕಿ ನೋಡುತ್ತೇನೆ, ಸರಿ ಇದ್ದರೆ ಉಳಿದದ್ದು' ಎಂದು ಮೊದಲೇ ಮಾತಾಡಿಕೊಳ್ಳಿ. ಆಮೇಲೆ ಮನಸ್ಸು ಕಹಿಯಾಗುವುದಕ್ಕಿಂತ ಇದು ಎಷ್ಟೋ ಮೇಲು. ಅದೂ ಅಲ್ಲದೆ, ಕೊಡುವ ಬೆಲೆಯ ಐದನೇ ಒಂದು ಭಾಗದಷ್ಟು ಹಣ ರಿಪೇರಿಗೆಂದು ಕೈಯಲ್ಲಿ ಉಳಿಸಿಕೊಂಡಿರಿ. ಬಿಚ್ಚಿದ ಮೇಲೆ ಹೊಸ ತೊಂದರೆ ಕಾಣುವುದು ಹಳೆಯ ಯಂತ್ರಗಳಲ್ಲಿ ಮಾಮೂಲು.

ಮೀಟರ್ ಬೇಕೇಬೇಕು ಅನಿಸಿದರೆ 1984ರಲ್ಲಿ ಬಂದ ಎಂ6 ಇದೆ. ಬ್ಯಾಟರಿ ಹೋದರೂ ಶಟರ್ ಓಡುತ್ತದೆ. ಬೆಲೆ ಎಂ3ಗಿಂತ ಬಹಳ ಮೇಲೆ, ಹಳೆಯದರ ಮೀಟರ್ ಸರ್ಕ್ಯೂಟ್ ಕೆಟ್ಟರೆ ಬಿಡಿಭಾಗ ಸಿಗುವುದು ಕಷ್ಟ. ಲೈಕಾ ಲೆನ್ಸೇ ಹಾಕಬಹುದಾದ ವಾಯ್ಟ್‌ಲ್ಯಾಂಡರ್ ಬೆಸ್ಸಾ ಕ್ಯಾಮೆರಾಗಳೂ ಇವೆ. ಅವುಗಳ ತಯಾರಿಕೆ 2015ರಲ್ಲಿ ನಿಂತಿತು. ಹಗುರ, ಮೀಟರ್ ಇದೆ, ಗಟ್ಟಿತನ ಲೈಕಾದಷ್ಟಿಲ್ಲ.

ರೇಂಜ್‌ಫೈಂಡರಿನಲ್ಲಿ ನೀವು ಇನ್ನೂ ಒಂದು ರೋಲೂ ತೆಗೆದಂತಿಲ್ಲ. ಹಾಗಿದ್ದರೆ ನನ್ನ ನಿಜವಾದ ಸಲಹೆ, ಮೊದಲು ಕ್ಯಾನೊನೆಟ್ ಕ್ಯೂಎಲ್17 ಜಿ3 ಅಥವಾ ಯಾಶಿಕಾ ಎಲೆಕ್ಟ್ರೋ 35 ಥರದ್ದು ಯಾರದ್ದಾದರೂ ಎರವಲು ತನ್ನಿ, ಇಲ್ಲ ಕೊಳ್ಳಿ. ಲೈಕಾದ ಹತ್ತನೇ ಒಂದು ಭಾಗವೂ ಖರ್ಚಾಗುವುದಿಲ್ಲ. ಇವೆರಡನ್ನೂ ಪಾದರಸದ ಬ್ಯಾಟರಿಗೆಂದು ಮಾಡಿದ್ದರು, ಅದು ಈಗ ಸಿಗುವುದಿಲ್ಲ. ಕ್ಯಾನೊನೆಟ್ ಬ್ಯಾಟರಿ ಇಲ್ಲದೆಯೂ ಕೈಯಿಂದ ಹೊಂದಿಸಿ ಓಡುತ್ತದೆ. ಯಾಶಿಕಾಗೆ ಬದಲಿ ಬ್ಯಾಟರಿ, ಅಡಾಪ್ಟರ್ ಬೇಕೇಬೇಕು. ಎರಡು ರೋಲ್ ಮುಗಿಯುವಷ್ಟರಲ್ಲಿ ಈ ಬಗೆಯ ಫೋಕಸ್ ನಿಮ್ಮ ಕಣ್ಣಿಗೆ ಒಗ್ಗುತ್ತಾ ಅಂತ ಗೊತ್ತಾಗಿಬಿಡುತ್ತದೆ. ಲೈಕಾ ಅಂದರೆ ಫೋಟೋದಲ್ಲಿ ಏನೋ ಮಾಯೆ ಬರುತ್ತದೆ ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಎಫ್ 5.6ರಲ್ಲಿ ತೆಗೆದ ಪೋಸ್ಟ್‌ಕಾರ್ಡ್ ಸೈಜಿನ ಪ್ರಿಂಟ್ ನೋಡಿ ಯಾವ ಕ್ಯಾಮೆರಾದ್ದು ಎಂದು ಹೇಳುವುದು ನನಗೂ ಆಗುವುದಿಲ್ಲ. ಎಂ3ಯ ನಿಜವಾದ ಸುಖ ಅದರ ಫೈಂಡರಿನಲ್ಲಿ ಇದೆ, ಸರಿಯಾಗಿ ನೋಡಿಕೊಂಡರೆ ಇನ್ನೊಂದು ತಲೆಮಾರಿಗೂ ರಿಪೇರಿ ಮಾಡಬಹುದಾದ ಅದರ ಕಟ್ಟುವಿಕೆಯಲ್ಲಿ ಇದೆ. ಅದಕ್ಕೆ ಹಣ ಕೊಡುವುದು ತಪ್ಪೇನಲ್ಲ.

ಕೊಳ್ಳುವುದೇ ಆದರೆ ಆ ಪರೀಕ್ಷೆಯ ರೋಲನ್ನು ಹೀಗೆ ತೆಗೆಯಿರಿ. ಫಿಲ್ಮ್ ಹಾಕಿದ ಮೇಲೆ ಲಿವರ್ ಎಳೆಯುವಾಗ ರಿವೈಂಡ್ ಗುಬ್ಬಿ ತಿರುಗುತ್ತಿದೆಯಾ ನೋಡಿ, ತಿರುಗದಿದ್ದರೆ ಫಿಲ್ಮ್ ಕಚ್ಚಿಲ್ಲ. ಅಂಗಳದ ಬಿಳಿ ಗೋಡೆಯನ್ನು 1/1000ರಿಂದ 1/30ರವರೆಗೆ ಪ್ರತಿ ವೇಗದಲ್ಲೂ ಒಂದೊಂದು, ವೇಗ ಇಳಿದಂತೆ ಎಫ್ ಬದಲಾಯಿಸುತ್ತಾ, ಒಂದೇ ಬೆಳಕು ಬೀಳುವಂತೆ. ದಿನಪತ್ರಿಕೆಯನ್ನು ಮೇಜಿನ ಮೇಲೆ ಹಾಸಿ, ಒಂದು ಮೀಟರ್ ದೂರದಿಂದ ಓರೆಯಾಗಿ, ನಡುವಿನ ಒಂದು ಸಾಲಿಗೆ ಫೋಕಸ್ ಮಾಡಿ ಎಫ್ 2ರಲ್ಲಿ ಎರಡು. ದೂರದ ಗುಡ್ಡದ ಮೇಲಿನ ಮೊಬೈಲ್ ಟವರನ್ನು ಎಫ್ 2ರಲ್ಲಿ ಎರಡು. ಕಿಟಕಿಗೆ ಬೆನ್ನು ಮಾಡಿ ಕೂತ ಅಮ್ಮನ ಫೋಟೋ ಎರಡು, ಪೊರೆಯ ತೀವ್ರತೆ ಅಲ್ಲಿ ಗೊತ್ತಾಗುತ್ತದೆ. ಉಳಿದದ್ದು ನಿಮ್ಮ ಇಷ್ಟ. ಸ್ಕ್ಯಾನ್ ಜೊತೆ ನೆಗೆಟಿವನ್ನೂ ವಾಪಸ್ ತರಿಸಿ, ಸ್ಕ್ಯಾನ್ ಯಂತ್ರ ಬೆಳಕಿನ ಏರುಪೇರನ್ನು ತಾನೇ ತಿದ್ದಿ ಮುಚ್ಚಿಹಾಕುತ್ತದೆ. ಗೋಡೆಯ ಫ್ರೇಮುಗಳಲ್ಲಿ ಒಂದು ಅಂಚು ಮಾತ್ರ ತೆಳುವಾಗಿದ್ದರೆ ಪರದೆಗಳು ಒಂದೇ ವೇಗದಲ್ಲಿ ಓಡುತ್ತಿಲ್ಲ. ಪತ್ರಿಕೆಯಲ್ಲಿ ನೀವು ಹಿಡಿದ ಸಾಲು ಬಿಟ್ಟು ಮುಂದಿನದೋ ಹಿಂದಿನದೋ ಚೂಪಾಗಿದ್ದರೆ ರೇಂಜ್‌ಫೈಂಡರ್ ಸರಿಮಾಡಬೇಕು. ಆ ನೆಗೆಟಿವ್ ಪಟ್ಟಿಗಳನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದು ನನಗೆ ಕಳಿಸಿ. ಬೆಲೆಯಲ್ಲಿ ಎಷ್ಟು ಕಳೆಯಬೇಕು ಅನ್ನುವುದನ್ನು ಅವನ್ನು ನೋಡಿ ಹೇಳುತ್ತೇನೆ.